ತಾನೇ ನುಡಿಯುವ ಪಿಯಾನೊ: ಕೊಳ್ಳುವವರು ಕೊಳ್ಳುವುದೇನನ್ನು?

ಅಮೆರಿಕದ ಊರುಗಳಲ್ಲಿ ಹಳೆಯ ಸಾಮಾನುಗಳ ಜಾಹೀರಾತುಗಳ ನಡುವೆ ಆಗಾಗ ಒಂದು ವಿಚಿತ್ರ ಪ್ರಕಟಣೆ ಕಣ್ಣಿಗೆ ಬೀಳುತ್ತದೆ. ಹಳೆಯ ಪ್ಲೇಯರ್ ಪಿಯಾನೊ ಇದೆ, ಹಣವೇನೂ ಬೇಡ, ಹೊತ್ತುಕೊಂಡು ಹೋದರೆ ಸಾಕು ಎಂಬುದು ಅದರ ಸಾರಾಂಶ. ಅದೇ ಊರಿನ ದೊಡ್ಡ ಅಂಗಡಿಯೊಂದರಲ್ಲಿ ಹೊಚ್ಚ ಹೊಸ ಪಿಯಾನೊವೊಂದು ಯಾರ ಬೆರಳೂ ತಾಗದೆ ತಾನೇ ತಾನಾಗಿ ನುಡಿಯುತ್ತ ನಿಂತಿರುತ್ತದೆ. ಅದರ ಬೆಲೆ ಒಂದು ಲಕ್ಷ ಡಾಲರಿಗೂ ಮಿಕ್ಕಿದ್ದು. ಎರಡೂ ಒಂದೇ ವಂಶಕ್ಕೆ ಸೇರಿದ ವಾದ್ಯಗಳು. ಎರಡೂ ಮಾಡುವ ಕೆಲಸವೂ ಒಂದೇ. ಹಾಗಿದ್ದೂ ಒಂದಕ್ಕೆ ಬೆಲೆಯೇ ಇಲ್ಲ, ಇನ್ನೊಂದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಇದೇಕೆ ಹೀಗೆ ಎಂದು ಹುಡುಕುತ್ತ ಹೊರಟರೆ ನೂರಿಪ್ಪತ್ತು ವರ್ಷಗಳ ಸ್ವಾರಸ್ಯಕರ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ.

ನೇಯ್ಗೆಯಿಂದ ಸಂಗೀತಕ್ಕೆ

ದೊಡ್ಡಬಳ್ಳಾಪುರದ ಮಗ್ಗಗಳನ್ನು ನೋಡಿದವರಿಗೆ ಜಕಾರ್ಡ್ ಹೊಸದಲ್ಲ. ತೂತು ಕೊರೆದ ರಟ್ಟಿನ ಪಟ್ಟಿಗಳು ಒಂದರ ಹಿಂದೊಂದು ಬರುತ್ತವೆ. ತೂತು ಇದ್ದಲ್ಲಿ ಒಂದು ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹೀಗೆ ಸೀರೆಯ ಸೆರಗಿನಲ್ಲಿ ಹೂವೋ ನವಿಲೋ ಮೂಡುತ್ತದೆ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮೇರಿ ಜಕಾರ್ಡ್ ಈ ಮಗ್ಗಕ್ಕೆ ಪೂರ್ಣ ರೂಪ ಕೊಟ್ಟದ್ದು 1804ರ ಸುಮಾರಿಗೆ. ಇದ್ದರೆ ಮಾಡು, ಇಲ್ಲದಿದ್ದರೆ ಬಿಡು ಎಂಬ ಈ ಸರಳ ಆಜ್ಞೆಯಿಂದ ಬಟ್ಟೆಯಲ್ಲಿ ಚಿತ್ತಾರ ಬಿಡಿಸಬಹುದಾದರೆ ವಾದ್ಯದಲ್ಲಿ ರಾಗವನ್ನೇಕೆ ಹೊರಡಿಸಬಾರದು? ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಯುರೋಪ್ ಮತ್ತು ಅಮೆರಿಕದ ಕುಶಲಕರ್ಮಿಗಳು ಈ ಪ್ರಶ್ನೆಯ ಬೆನ್ನು ಹತ್ತಿದರು.

ಕೊನೆಗೆ ಮಾರುಕಟ್ಟೆಯನ್ನು ಗೆದ್ದವನು ಅಮೆರಿಕದ ಡೆಟ್ರಾಯಿಟ್‌ನ ಎಡ್ವಿನ್ ವೋಟಿ. 1895ರಲ್ಲಿ ಆತ ತಯಾರಿಸಿದ ಯಂತ್ರಕ್ಕೆ ‘ಪಿಯಾನೊಲ’ ಎಂಬ ಹೆಸರು ಬಂತು. ಅದು ಪಿಯಾನೊ ಆಗಿರಲಿಲ್ಲ. ಬೀರುವಿನಂಥ ಒಂದು ಮರದ ಪೆಟ್ಟಿಗೆ ಅಷ್ಟೆ. ಅದನ್ನು ತಳ್ಳಿಕೊಂಡು ಹೋಗಿ ಮನೆಯಲ್ಲಿದ್ದ ಪಿಯಾನೊದ ಮುಂದೆ ನಿಲ್ಲಿಸಿದರೆ, ಅದರ ಬೆನ್ನಿನಿಂದ ಚಾಚಿಕೊಂಡ, ಉಣ್ಣೆಯ ಮೆತ್ತೆ ಹಚ್ಚಿದ 65 ಮರದ ಬೆರಳುಗಳು ಪಿಯಾನೊದ ಮನೆಗಳ ಮೇಲೆ ಕೂರುತ್ತಿದ್ದವು. ಏಯೋಲಿಯನ್ ಕಂಪನಿ 250 ಡಾಲರ್ ಬೆಲೆಗೆ ಇದನ್ನು ಮಾರಾಟಕ್ಕಿಟ್ಟಿತು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಪೆಟ್ಟಿಗೆಯೊಳಗಿನ ಯಂತ್ರ ಪಿಯಾನೊದ ಹೊಟ್ಟೆಯೊಳಗೇ ಸೇರಿಹೋಯಿತು. ‘ಪ್ಲೇಯರ್ ಪಿಯಾನೊ’ ಎಂದು ಹೆಸರಾದದ್ದು ಇದೇ.

ತಿದಿ ಮತ್ತು ಸುರುಳಿ

ಇದರ ಒಳಗುಟ್ಟು ಹಾರ್ಮೋನಿಯಂ ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಹಾರ್ಮೋನಿಯಂನ ತಿದಿ ಗಾಳಿಯನ್ನು ಊದಿದರೆ ಪ್ಲೇಯರ್ ಪಿಯಾನೊದ ತಿದಿ ಗಾಳಿಯನ್ನು ಹೀರುತ್ತದೆ. ಕುಳಿತವನು ಎರಡು ಪಾದಗಳಿಂದ ಪೆಡಲುಗಳನ್ನು ತುಳಿಯುತ್ತಾನೆ. ಆಗ ಒಳಗೆ ಹೀರುವ ಬಲ ಹುಟ್ಟುತ್ತದೆ. ಎದುರಿಗೆ ಹಿತ್ತಾಳೆಯ ಒಂದು ಪಟ್ಟಿ, ಅದರಲ್ಲಿ ಸಾಲಾಗಿ ಸಣ್ಣ ರಂಧ್ರಗಳು. ಒಂದೊಂದು ಸ್ವರಕ್ಕೆ ಒಂದೊಂದು ರಂಧ್ರ. ತೂತು ಕೊರೆದ ಕಾಗದದ ಸುರುಳಿ ಆ ಪಟ್ಟಿಯ ಮೇಲೆ ನಿಧಾನವಾಗಿ ಹಾದುಹೋಗುತ್ತದೆ. ಕಾಗದದ ತೂತು ರಂಧ್ರದ ಮೇಲೆ ಬಂದ ಕ್ಷಣ ಗಾಳಿ ಒಳನುಗ್ಗಿ ಒಂದು ಕವಾಟವನ್ನು ಎತ್ತುತ್ತದೆ. ಆ ಸ್ವರಕ್ಕೆ ಸೇರಿದ ಪುಟ್ಟ ತಿದಿಯೊಂದು ತಟ್ಟನೆ ಮುದುಡಿಕೊಂಡು ಪಿಯಾನೊದ ಸುತ್ತಿಗೆಯನ್ನು ತಂತಿಯ ಮೇಲೆ ಬಡಿಸುತ್ತದೆ. ವಿದ್ಯುತ್ತಿನ ಹಂಗಿಲ್ಲ. ಮರ, ಚರ್ಮ, ರಬ್ಬರು ಬಳಿದ ಬಟ್ಟೆ, ಕಾಗದ ಮತ್ತು ಎರಡು ಕಾಲುಗಳು ಇದ್ದರೆ ಸಾಕು.

ಮೊದಮೊದಲು ಒಬ್ಬೊಬ್ಬ ತಯಾರಕನದು ಒಂದೊಂದು ಅಳತೆ. ಒಂದು ಕಂಪನಿಯ ಸುರುಳಿ ಇನ್ನೊಂದರ ಯಂತ್ರಕ್ಕೆ ಹೊಂದುತ್ತಿರಲಿಲ್ಲ. ಕೊಳ್ಳುವವರು ಬೇಸತ್ತರು. 1908ರ ಡಿಸೆಂಬರಿನಲ್ಲಿ ಬಫಲೋ ನಗರದಲ್ಲಿ ತಯಾರಕರೆಲ್ಲ ಸೇರಿ ಒಂದು ಒಪ್ಪಂದಕ್ಕೆ ಬಂದರು. ಕಾಗದದ ಅಗಲ ಹನ್ನೊಂದೂಕಾಲು ಅಂಗುಲ. ಪೂರ್ಣ ಪಿಯಾನೊದ 88 ಸ್ವರಗಳಿಗೆ ಅಂಗುಲಕ್ಕೆ ಒಂಬತ್ತು ರಂಧ್ರ, ಹಳೆಯ 65 ಸ್ವರದ ಸುರುಳಿಗೆ ಆರು. ಪೈಪೋಟಿಯಲ್ಲಿದ್ದ ಉದ್ಯಮವೊಂದು ತಾನಾಗಿಯೇ ಒಂದು ಅಳತೆಗೆ ಒಪ್ಪಿದ ಈ ಘಟನೆಯ ಫಲ ಇಂದಿಗೂ ಉಳಿದಿದೆ. 1910ರ ಸುರುಳಿಯನ್ನು ಆನಂತರದ ಯಾವುದೇ 88 ಸ್ವರದ ಯಂತ್ರದಲ್ಲಿ ಹಾಕಿ ನುಡಿಸಬಹುದು.

ಒಡೆಯ ಯಾರು?

ಸುರುಳಿಗಳು ಬಿಸಿಬಿಸಿಯಾಗಿ ಖರ್ಚಾಗತೊಡಗಿದಂತೆ ಒಂದು ತಕರಾರು ಎದ್ದಿತು. ಹಾಡಿನ ಅಚ್ಚಾದ ಸ್ವರಲಿಪಿ ಮಾರಾಟವಾದರೆ ಅದನ್ನು ರಚಿಸಿದವನಿಗೆ ಹಣ ಬರುತ್ತಿತ್ತು. ಸುರುಳಿ ಮಾರಾಟವಾದರೆ ಬಿಡಿಗಾಸೂ ಇಲ್ಲ. ವೈಟ್-ಸ್ಮಿತ್ ಎಂಬ ಪ್ರಕಾಶನ ಸಂಸ್ಥೆ ಆ್ಯಡಂ ಗೈಬಲ್ ಎಂಬಾತ ರಚಿಸಿದ ಎರಡು ಹಾಡುಗಳ ವಿಷಯದಲ್ಲಿ ಅಪೊಲೊ ಕಂಪನಿಯನ್ನು ನ್ಯಾಯಾಲಯಕ್ಕೆ ಎಳೆಯಿತು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕುತೂಹಲಕರ. ಮನುಷ್ಯನ ಕಣ್ಣಿಗೆ ಓದಲು ಬಾರದ ತೂತುಗಳು ಹಾಡಿನ ‘ಪ್ರತಿ’ ಎನಿಸಲಾರವು, ಅವು ಯಂತ್ರದ ಒಂದು ಭಾಗ ಮಾತ್ರ ಎಂದು ನ್ಯಾಯಾಲಯ ಹೇಳಿತು. ರಚನಕಾರರು ಸೋತರು.

ಬ್ಯಾಂಡ್ ಸಂಗೀತದ ಹೆಸರಾಂತ ಜಾನ್ ಫಿಲಿಪ್ ಸೂಸಾ ಆಗಲೇ, ಎಂದರೆ 1906ರಲ್ಲಿ, ಯಂತ್ರಸಂಗೀತದ ವಿರುದ್ಧ ಒಂದು ಖಾರವಾದ ಲೇಖನ ಬರೆದಿದ್ದ. ರಚನಕಾರನ ಪಾಲು ಹೋಗುತ್ತದೆಂಬುದು ಅವನ ಒಂದು ದೂರು. ಮನೆಮನೆಯಲ್ಲಿ ಹಾಡುವ, ನುಡಿಸುವ ಜನರೇ ಇಲ್ಲವಾಗುತ್ತಾರೆ, ಕಷ್ಟಪಟ್ಟು ಕಲಿಯುವವರು ಯಾರು ಎಂಬುದು ಅದಕ್ಕಿಂತ ದೊಡ್ಡ ದೂರು. ಅಮೆರಿಕದ ಸಂಸತ್ತು 1909ರಲ್ಲಿ ಹೊಸ ಕಾಯ್ದೆ ತಂದು ಮೊದಲನೆಯ ದೂರಿಗೆ ಪರಿಹಾರ ಕಂಡಿತು. ಏಯೋಲಿಯನ್ ಕಂಪನಿ ಅಷ್ಟರಲ್ಲಿ ದೊಡ್ಡ ಪ್ರಕಾಶಕರೊಡನೆ ಗುಟ್ಟಾಗಿ ಕರಾರು ಮಾಡಿಕೊಂಡು, ಹಕ್ಕು ಸಿಕ್ಕರೆ ಅದೆಲ್ಲ ತನಗೇ ಬರುವಂತೆ ನೋಡಿಕೊಂಡಿತ್ತು. ಸಂಸತ್ತು ಆ ಏಕಸ್ವಾಮ್ಯಕ್ಕೂ ತಡೆ ಹಾಕಿತು. ರಚನಕಾರ ಒಮ್ಮೆ ಒಬ್ಬರಿಗೆ ಅನುಮತಿ ಕೊಟ್ಟನೆಂದರೆ, ಪ್ರತಿಯೊಂದಕ್ಕೆ ಎರಡು ಸೆಂಟ್ ಸಂದಾಯ ಮಾಡಿ ಬೇರೆ ಯಾರು ಬೇಕಾದರೂ ಆ ಹಾಡನ್ನು ಸುರುಳಿಗೋ ತಟ್ಟೆಗೋ ಇಳಿಸಬಹುದು ಎಂದಿತು. ಆ ಎರಡು ಸೆಂಟ್ ದರ ಸುಮಾರು ಏಳು ದಶಕಗಳ ಕಾಲ ಬದಲಾಗಲೇ ಇಲ್ಲ.

ಈ ಕಲ್ಪನೆ ಅಮೆರಿಕಕ್ಕಷ್ಟೇ ಸೀಮಿತವಾಗಲಿಲ್ಲ. ಬ್ರಿಟನ್ನಿನ 1911ರ ಕಾಯ್ದೆಯಲ್ಲಿ ಇಂಥದೇ ಏರ್ಪಾಡು ಬಂತು. ಅಲ್ಲಿಂದ ಭಾರತಕ್ಕೂ ಬಂದು, 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲೂ ಜಾಗ ಪಡೆಯಿತು. 1980ರ ದಶಕದಲ್ಲಿ ಹಳೆಯ ಸಿನಿಮಾ ಹಾಡುಗಳನ್ನು ಬೇರೆ ಕಂಠಗಳಲ್ಲಿ ಹಾಡಿಸಿ ಅಗ್ಗದ ಕ್ಯಾಸೆಟ್ಟುಗಳಲ್ಲಿ ಮಾರಿದ ಕಂಪನಿಗಳಿಗೆ ಆಸರೆಯಾದದ್ದು ಈ ಬಗೆಯ ಕಲಮೇ. ಬೀದಿ ಬದಿಯ ಕ್ಯಾಸೆಟ್ ಅಂಗಡಿಗೂ ಪಿಯಾನೊ ಸುರುಳಿಗೂ ಇಂಥದೊಂದು ನಂಟಿದೆ.

ಗತಿಸಿದವರ ಕೈ

ಸಾಮಾನ್ಯ ಸುರುಳಿಯಲ್ಲಿ ಯಾವ ಸ್ವರ, ಎಷ್ಟು ಹೊತ್ತು ಎಂಬುದಷ್ಟೇ ಇರುತ್ತಿತ್ತು. ಮೆಲ್ಲಗೆ ನುಡಿಸುವುದು, ಜೋರಾಗಿ ನುಡಿಸುವುದು, ಓಡಿಸುವುದು, ತಡೆಯುವುದು ಎಲ್ಲವೂ ತುಳಿಯುವವನ ಪಾದ ಮತ್ತು ಸನ್ನೆಗಳನ್ನು ಹಿಡಿದ ಕೈಗಳ ಜವಾಬ್ದಾರಿ. ಜರ್ಮನಿಯ ಫ್ರೈಬುರ್ಗ್‌ನ ವೆಲ್ಟೆ ಕಂಪನಿ 1904ರಲ್ಲಿ ಇದನ್ನು ಬದಲಿಸಿತು. ಅದರ ‘ವೆಲ್ಟೆ-ಮಿನ್ಯೋನ್’ ವ್ಯವಸ್ಥೆಯಲ್ಲಿ ದೊಡ್ಡ ಕಲಾವಿದರು ನುಡಿಸಿದ ರೀತಿಯೇ, ಅವರ ಒತ್ತು ಹಾಗೂ ಏರಿಳಿತಗಳ ಸಮೇತ, ಸುರುಳಿಯ ಅಂಚಿನ ಹೆಚ್ಚುವರಿ ತೂತುಗಳಲ್ಲಿ ದಾಖಲಾಗುತ್ತಿತ್ತು. ಅಮೆರಿಕದಲ್ಲಿ ‘ಡುವೊ-ಆರ್ಟ್’, ‘ಆ್ಯಂಪಿಕೊ’ ಎಂಬ ಪೈಪೋಟಿಯ ವ್ಯವಸ್ಥೆಗಳು ಬಂದವು. ಇವುಗಳಿಗೆ ‘ರಿಪ್ರೊಡ್ಯೂಸಿಂಗ್ ಪಿಯಾನೊ’ ಎಂದು ಹೆಸರು.

ಗುಸ್ಟಾವ್ ಮಾಲರ್ 1905ರ ನವೆಂಬರಿನಲ್ಲಿ ಲೈಪ್ಜಿಗ್‌ನಲ್ಲಿ ವೆಲ್ಟೆಗಾಗಿ ನಾಲ್ಕು ಸುರುಳಿಗಳಿಗೆ ನುಡಿಸಿದರು. 1911ರಲ್ಲಿ ತೀರಿಕೊಂಡ ಅವರ ನುಡಿಸಾಣಿಕೆಗೆ ಜಗತ್ತಿನಲ್ಲಿ ಉಳಿದಿರುವ ಕುರುಹು ಅದೊಂದೇ; ಗ್ರಾಮಫೋನ್ ತಟ್ಟೆಯಲ್ಲಿ ಅವರಿಲ್ಲ. ದೆಬುಸಿ, ಗ್ರೀಗ್, ಸ್ಕ್ರ್ಯಾಬಿನ್ ಸುರುಳಿಗಳನ್ನು ಬಿಟ್ಟುಹೋದರು. ರಖ್ಮಾನಿನೊಫ್ ಆ್ಯಂಪಿಕೊಗಾಗಿ ನುಡಿಸಿದರು. ನ್ಯೂಯಾರ್ಕಿನ ಹುಡುಗ ಜಾರ್ಜ್ ಗರ್ಶ್ವಿನ್ ಹದಿಹರೆಯದಲ್ಲೇ ಸುರುಳಿಗಳಿಗೆ ನುಡಿಸಿ ಕಾಸು ಗಳಿಸಿದ. ಮುಂದೆ ಆತ ತನ್ನ ‘ರಾಪ್ಸಡಿ ಇನ್ ಬ್ಲೂ’ವನ್ನೂ ಡುವೊ-ಆರ್ಟ್ ಸುರುಳಿಗೆ ಇಳಿಸಿದ. ಗರ್ಶ್ವಿನ್ 1937ರಲ್ಲಿ ತೀರಿಕೊಂಡ. 1976ರಲ್ಲಿ ಮೈಕೆಲ್ ಟಿಲ್ಸನ್ ಥಾಮಸ್ ಆ ಸುರುಳಿಯನ್ನು ನುಡಿಸುತ್ತ, ಅದರ ಜೊತೆಗೆ ಜೀವಂತ ವಾದ್ಯವೃಂದವನ್ನು ಕೂರಿಸಿ ಧ್ವನಿಮುದ್ರಣ ಮಾಡಿದರು. ಸತ್ತು ನಾಲ್ಕು ದಶಕಗಳಾಗುತ್ತ ಬಂದಿದ್ದವನು ಬದುಕಿರುವವರೊಡನೆ ಕಛೇರಿ ನಡೆಸಿದಂತಾಯಿತು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಸುರುಳಿಯಲ್ಲಿ ಧ್ವನಿ ಇಲ್ಲ, ಆಜ್ಞೆಗಳು ಮಾತ್ರ ಇವೆ. ತಪ್ಪಿದ ಸ್ವರದ ತೂತಿಗೆ ಕಾಗದ ಅಂಟಿಸಿ, ಸರಿಯಾದ ಜಾಗದಲ್ಲಿ ಬೇರೆ ತೂತು ಕೊರೆದು ತಿದ್ದುವುದು ಕಾರ್ಖಾನೆಗಳ ನಿತ್ಯದ ಕೆಲಸವಾಗಿತ್ತು. ಇನ್ನು ಯಂತ್ರ ಹದವಾಗಿಲ್ಲದಿದ್ದರೆ ಮಾಲರ್ ಕೂಡ ಕಲಿಕೆಯ ಹುಡುಗನಂತೆ ಕೇಳಿಸುತ್ತಾರೆ. ಏರಿಳಿತವನ್ನು ದಾಖಲಿಸುವ ತನ್ನ ವಿಧಾನವನ್ನು ವೆಲ್ಟೆ ಗುಟ್ಟಾಗಿಯೇ ಇಟ್ಟಿತ್ತು. 1944ರ ನವೆಂಬರಿನ ಬಾಂಬು ದಾಳಿಯಲ್ಲಿ ಅದರ ಕಾರ್ಖಾನೆ ಸುಟ್ಟು ಬೂದಿಯಾಯಿತು. ಆದ್ದರಿಂದ ಇಂದು ಈ ಕಲಾವಿದರ ಕೀರ್ತಿಯ ಒಂದು ಪಾಲು ಹಳೆಯ ಯಂತ್ರಗಳನ್ನು ರಿಪೇರಿ ಮಾಡುವ ಬೆರಳೆಣಿಕೆಯ ಕುಶಲಕರ್ಮಿಗಳ ಕೈಯಲ್ಲಿದೆ.

ಮೈಸೂರಿಗೂ ಯಂತ್ರಸಂಗೀತ ಅಪರಿಚಿತವಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೈಣಿಕ ವೆಂಕಟಗಿರಿಯಪ್ಪನವರು ‘ಕ್ಯಾಲಿಯಾಫೋನ್’ ಎಂಬ ಯಾಂತ್ರಿಕ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ನುಡಿಸುವ ಪ್ರಯೋಗದ ಉಸ್ತುವಾರಿ ನೋಡಿಕೊಂಡಿದ್ದರು. ಅದು ಪಿಯಾನೊ ಅಲ್ಲ, ಗಾಳಿಯಿಂದ ಕೊಳವೆಗಳನ್ನು ನುಡಿಸುವ ಯಂತ್ರ. ಆದರೂ ತೊಡಕು ಒಂದೇ. ವೀಣೆಯ ತಂತಿಯನ್ನು ಎಳೆದು ಗಮಕ ಹುಟ್ಟಿಸುವ ಬೆರಳಿನ ಕೆಲಸವನ್ನು, ಸ್ವರಸ್ಥಾನಗಳನ್ನು ಮೊದಲೇ ಗೊತ್ತುಮಾಡಿಕೊಂಡ ವಾದ್ಯ ಮಾಡಲಾರದು. ತೂತು ಇದೆ ಅಥವಾ ಇಲ್ಲ. ನಡುವಿನ ಜಾರುವಿಕೆಗೆ ಅಲ್ಲಿ ಎಡೆಯಿಲ್ಲ.

ಏರಿದ್ದು, ಇಳಿದದ್ದು

1920ರ ದಶಕದ ಮೊದಲ ವರ್ಷಗಳು ಪ್ಲೇಯರ್ ಪಿಯಾನೊದ ಸುವರ್ಣಕಾಲ. 1923ರ ಸುಮಾರಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಪಿಯಾನೊಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತಾನೇ ನುಡಿಯುವಂಥವು. ಮಧ್ಯಮವರ್ಗದ ಮನೆಗಳು ಕಂತಿನ ಮೇಲೆ ಕೊಂಡವು. ಆಮೇಲೆ ಬಂದದ್ದು ರೇಡಿಯೊ. ಸುರುಳಿ ಕೊಳ್ಳಬೇಕಿಲ್ಲ, ತುಳಿಯಬೇಕಿಲ್ಲ, ಗುಂಡಿ ತಿರುಗಿಸಿದರೆ ಆಯಿತು. ವಿದ್ಯುತ್ ಮೈಕ್ ಬಂದ ಮೇಲೆ ಗ್ರಾಮಫೋನಿನ ದನಿಯೂ ಸುಧಾರಿಸಿತು. 1929ರ ಆರ್ಥಿಕ ಕುಸಿತ ಕೊನೆಯ ಪೆಟ್ಟು ಕೊಟ್ಟಿತು. ಬದ್ಧ ಪ್ರತಿಸ್ಪರ್ಧಿಗಳಾಗಿದ್ದ ಏಯೋಲಿಯನ್ ಮತ್ತು ಅಮೆರಿಕನ್ ಪಿಯಾನೊ ಕಂಪನಿಗಳು 1932ರಲ್ಲಿ ಬದುಕಿಕೊಳ್ಳಲು ಒಂದಾಗಬೇಕಾಯಿತು. ಎಷ್ಟೋ ಮನೆಗಳಲ್ಲಿ ಶ್ರುತಿ ಮಾಡುವವನಿಗೆ ಅಡ್ಡವಾಗುತ್ತದೆಂದು ಯಂತ್ರವನ್ನು ಕಿತ್ತು ಎಸೆದರು. ಬರೀ ಪಿಯಾನೊ ಉಳಿಯಿತು.

ಹಾಗೆ ಎಲ್ಲರೂ ಕೈಬಿಟ್ಟ ವಸ್ತುವನ್ನು ಒಬ್ಬಾತ ಹುಡುಕಿಕೊಂಡು ಹೋಗಿ ಕೊಂಡ. ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿ, 1940ರಲ್ಲಿ ಅಮೆರಿಕವನ್ನು ಬಿಟ್ಟು ಮೆಕ್ಸಿಕೊ ಸೇರಿದ ಕಾನ್ಲನ್ ನ್ಯಾನ್‌ಕ್ಯಾರೊ ಎಂಬ ಸಂಗೀತಗಾರ ಆತ. ಮನುಷ್ಯರ ಬೆರಳಿಗೆ ಅಸಾಧ್ಯವಾದ ಲಯಗಳು ಅವನ ತಲೆಯಲ್ಲಿದ್ದವು. ಆ್ಯಂಪಿಕೊ ಪಿಯಾನೊಗಳನ್ನು ತರಿಸಿಕೊಂಡು, ತೂತು ಕೊರೆಯುವ ಯಂತ್ರ ಮಾಡಿಸಿಕೊಂಡು, ದಶಕಗಳ ಕಾಲ ಒಂಟಿಯಾಗಿ ಕುಳಿತು ಒಂದೊಂದೇ ತೂತು ಕೊರೆಯುತ್ತ ಐವತ್ತರಷ್ಟು ರಚನೆಗಳನ್ನು ಮಾಡಿದ. ಅವನಿಗೆ ಮನ್ನಣೆ ಸಿಕ್ಕಿದ್ದು ಎಪ್ಪತ್ತರ ಹತ್ತಿರ ಬಂದಾಗ.

ಸೂಸಾನ ಎರಡನೆಯ ದೂರಿನ ಗತಿ ಏನಾಯಿತು? ಉತ್ತರ ಎರಡೂ ಬಗೆಯದು. ಕಲಿಯುವ ಗೋಜಿಗೆ ಹೋಗದವರು ಬಹಳ ಮಂದಿ ಇದ್ದರು, ನಿಜ. ಆದರೆ ಸುರುಳಿ ಗುರುವೂ ಆಯಿತು. ಯಂತ್ರದಲ್ಲಿ ಪಿಯಾನೊದ ಮನೆಗಳು ತಾವೇ ಕುಸಿಯುತ್ತವಷ್ಟೆ. ವಾಷಿಂಗ್ಟನ್ನಿನ ಹುಡುಗ ಡ್ಯೂಕ್ ಎಲಿಂಗ್ಟನ್ ಜೇಮ್ಸ್ ಪಿ. ಜಾನ್ಸನ್ ನುಡಿಸಿದ ಸುರುಳಿಯನ್ನು ನಿಧಾನವಾಗಿ ಓಡಿಸಿ, ಆ ಕುಸಿಯುವ ಮನೆಗಳನ್ನು ಅನುಸರಿಸಿ ‘ಕೆರೊಲಿನ ಶೌಟ್’ ಎಂಬ ಕಷ್ಟದ ರಚನೆಯನ್ನು ಕಲಿತ. ಮುಂದೆ ಆತ ಜಾಜ್ ಸಂಗೀತದ ದೊರೆಯೇ ಆದ. ಕಣ್ಣಿಗೆ ಕಾಣುವ ಗುರುವಿಲ್ಲದೆ ಕಲಿತ ಏಕಲವ್ಯನ ಕಥೆ ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ಹಳೆಯದೋ, ಹೊಸದೋ

ಇಂದು ಇಂಥ ಪಿಯಾನೊ ಕೊಳ್ಳಹೊರಟವರ ಮುಂದೆ ಈ ಇಡೀ ಚರಿತ್ರೆ ಬೆಲೆಪಟ್ಟಿಯ ರೂಪದಲ್ಲಿ ನಿಲ್ಲುತ್ತದೆ.

ಪುಕ್ಕಟೆ ಸಿಗುವ ಹಳೆಯ ಪಿಯಾನೊ ಪುಕ್ಕಟೆಯಲ್ಲ. ನೂರು ವರ್ಷದಲ್ಲಿ ರಬ್ಬರು ಬಟ್ಟೆ ಬಿರುಸಾಗಿ ಸೀಳಿರುತ್ತದೆ, ಕೊಳವೆಗಳು ಪುಡಿಯಾಗಿರುತ್ತವೆ, ಕವಾಟಗಳ ಚರ್ಮ ಸವೆದಿರುತ್ತದೆ. ನೂರಾರು ಭಾಗಗಳನ್ನು ಬಿಚ್ಚಿ ಹೊಸ ಬಟ್ಟೆ, ಹೊಸ ಚರ್ಮ ಹಾಕಿ ಕೂಡಿಸಲು ಹಲವು ಸಾವಿರ ಡಾಲರ್ ಬೇಕು. ಬಲ್ಲವರು ಹೇಳುವ ಕ್ರಮ ಹೀಗೆ. ಮೊದಲು ಯಂತ್ರವನ್ನು ಮರೆತು ಪಿಯಾನೊವನ್ನು ನೋಡಬೇಕು. ಶ್ರುತಿಯ ಮೊಳೆಗಳು ಬಿಗಿಯಾಗಿವೆಯೇ, ನಾದಫಲಕ ಬಿರುಕು ಬಿಟ್ಟಿದೆಯೇ? ಪಿಯಾನೊ ಕೆಟ್ಟಿದ್ದರೆ ಯಂತ್ರಕ್ಕೆ ಹಾಕಿದ ಹಣ ನೀರಿನಲ್ಲಿ ಹೋಮ. ಆಮೇಲೆ ಯಂತ್ರದ ಭಾಗಗಳೆಲ್ಲ ಇವೆಯೇ ಎಂದು ಒಳಗೆ ಇಣುಕಬೇಕು. 65 ಸ್ವರದ್ದೋ 88ರದ್ದೋ, ಸಾಮಾನ್ಯ ಬಗೆಯದೋ ಕಲಾವಿದರ ಏರಿಳಿತ ತೋರಬಲ್ಲ ಬಗೆಯದೋ ಎಂಬುದನ್ನು ಕೇಳಬೇಕು. ಒಂದು ವ್ಯವಸ್ಥೆಯ ವಿಶೇಷ ಸುರುಳಿ ಇನ್ನೊಂದರಲ್ಲಿ ಏರಿಳಿತ ತೋರುವುದಿಲ್ಲ. ಹಿಂದೆ ರಿಪೇರಿಯಾಗಿದ್ದರೆ ಯಾವ ಅಂಟಿನಿಂದ ಎಂಬುದೂ ಮುಖ್ಯ. ಹಳೆಯ ಕಾಲದ ಬಿಸಿ ಚರ್ಮದ ಅಂಟನ್ನು ಮತ್ತೆ ಬಿಡಿಸಬಹುದು. ಈಗಿನ ಬಿಳಿಯ ಅಂಟು ಹಾಕಿದ್ದರೆ ಮರವೇ ಸೀಳುತ್ತದೆ.

ಹೊಸದರಲ್ಲಿ ತಿದಿಯಿಲ್ಲ, ಕಾಗದವಿಲ್ಲ. ಜಪಾನಿನ ಯಮಾಹ ಕಂಪನಿ 1980ರ ದಶಕದಲ್ಲಿ ತಂದ ‘ಡಿಸ್ಕ್‌ಲೇವಿಯರ್’ನಲ್ಲಿ ಪ್ರತಿ ಸ್ವರದ ಕೆಳಗೂ ವಿದ್ಯುತ್ ಕಾಂತವಿದೆ, ನುಡಿಸಿದ್ದನ್ನು ಬೆಳಕಿನ ಸಹಾಯದಿಂದ ಅಳೆಯುವ ಸಾಧನವಿದೆ. ಹೆಸರಾಂತ ಸ್ಟೈನ್‌ವೇ ಕಂಪನಿ 2015ರಲ್ಲಿ ‘ಸ್ಪಿರಿಯೊ’ ತಂದಿತು. ಇದ್ದ ಪಿಯಾನೊಕ್ಕೇ ಯಂತ್ರ ಜೋಡಿಸಿಕೊಡುವವರೂ ಇದ್ದಾರೆ. ಗರ್ಶ್ವಿನ್‌ನಿಂದ ಹಿಡಿದು ಈಗಿನವರವರೆಗೆ ಯಾರನ್ನು ಬೇಕಾದರೂ ಮನೆಗೆ ಕರೆಸಬಹುದು. ಆದರೆ ಹೊಸದಕ್ಕೂ ಮುಪ್ಪು ಬರುತ್ತದೆ, ಬೇಗ ಬರುತ್ತದೆ. ಫ್ಲಾಪಿ ಡಿಸ್ಕ್ ನಂಬಿದ್ದ 1990ರ ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ಆ ಡಿಸ್ಕಿಗಾಗಿ ಪರದಾಡಬೇಕು, ಇಲ್ಲವೇ ಅದರ ಜಾಗಕ್ಕೆ ಬೇರೆ ಸಾಧನ ಹಾಕಿಸಬೇಕು. 1910ರ ಕಾಗದದ ಸುರುಳಿಗೆ ಈ ತೊಂದರೆಯಿಲ್ಲ. 1900ರಲ್ಲಿ ಆರಂಭವಾದ ಕ್ಯೂಆರ್‌ಎಸ್ ಕಂಪನಿ 2008ರ ಕೊನೆಯಲ್ಲಿ ಸುರುಳಿ ತಯಾರಿಕೆ ನಿಲ್ಲಿಸಿದಾಗ ಒಂದು ಯುಗ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಬೇಡಿಕೆ ಪೂರ್ತಿ ಸತ್ತಿರಲಿಲ್ಲವಾದ್ದರಿಂದ ಸಣ್ಣ ಪ್ರಮಾಣದಲ್ಲಿ ಅದು ಮತ್ತೆ ಆರಂಭವಾಯಿತು.

ಹೆಸರಂತೂ ಸಾಯಲಿಲ್ಲ. ಬೆಂಗಳೂರಿನ ಧ್ವನಿಮುದ್ರಣ ಕೊಠಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಸಿನಿಮಾ ಹಾಡು ಜೋಡಿಸುವವರು ಸ್ವರಗಳನ್ನು ಗೆರೆಗಳಂತೆ ಇಡುವ ಪರದೆಗೆ ಇಂದಿಗೂ ‘ಪಿಯಾನೊ ರೋಲ್’ ಎಂದೇ ಹೆಸರು. ಸುರುಳಿಯನ್ನು ಎಂದೂ ಕಣ್ಣಾರೆ ಕಾಣದವರೂ ದಿನಾ ಆ ಹೆಸರು ಹೇಳುತ್ತಾರೆ.

ಕೊನೆಗೆ ಕೊಳ್ಳುವವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೆಲೆಯದಲ್ಲ. ಹೊಸ ಯಂತ್ರ ಮನೆಯವರಿಂದ ಏನನ್ನೂ ಬೇಡುವುದಿಲ್ಲ. ಅವರು ಕುರ್ಚಿಯಲ್ಲಿ ಕುಳಿತು ಕೇಳಿದರೆ ಸಾಕು. ಹಳೆಯ ಪೆಡಲ್ ಯಂತ್ರ ಹಾಗಲ್ಲ. ತುಳಿಯುವುದನ್ನು ನಿಲ್ಲಿಸಿದರೆ ಹಾಡೂ ನಿಲ್ಲುತ್ತದೆ, ಒರಟಾಗಿ ತುಳಿದರೆ ಹಾಡೂ ಒರಟಾಗುತ್ತದೆ, ಎಲ್ಲಿ ಮೆಲ್ಲಗೆ ತುಳಿಯಬೇಕೆಂದು ತಿಳಿಯಲು ವರ್ಷಗಳೇ ಬೇಕು. ಸೂಸಾ ಹೆದರಿದಷ್ಟು ಸೋಮಾರಿ ಯಂತ್ರ ಅದಾಗಿರಲಿಲ್ಲ. ಹಳೆಯದನ್ನು ಕೊಳ್ಳಹೋದವರು ಬೆಲೆ ಮಾತಾಡುವ ಮುನ್ನ ಒಂದು ಸುರುಳಿ ಹಾಕಿಸಿಕೊಂಡು, ತಾವೇ ಕುಳಿತು, ಪೂರ್ತಿ ಒಂದು ಹಾಡು ತುಳಿದು ನೋಡುವುದು ಒಳ್ಳೆಯದು. ಯಂತ್ರ ಸೋರುತ್ತಿದ್ದರೆ ಕಾಲಿಗೆ ಗೊತ್ತಾಗುತ್ತದೆ. ತಮಗೆ ಬೇಕಾಗಿರುವುದು ಕೇಳುವ ಸುಖವೋ ನುಡಿಸುವ ಶ್ರಮವೋ ಎಂಬುದೂ ಆ ನಾಲ್ಕು ನಿಮಿಷದಲ್ಲಿ ಗೊತ್ತಾಗುತ್ತದೆ.